ಕೂಲಿ ತಗೊಳ್ಳಿ, ಆದರೆ ಕೂಲಿ ಅಂತ ಹೇಳಿ ತಗೊಳ್ಳಿ

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಬಂದರಿನ ಕಾಗದಪತ್ರದ ಕೆಲಸದಲ್ಲೇ ಹೊಟ್ಟೆ ಹೊರೆದವನು ನಾನು. ಹಾಗಾಗಿ ಬೆಳಗಾವಿ ಕಡೆಯವರು ಫೋನು ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: "ಈ ಫಾರ್ವರ್ಡರ್ ಇಷ್ಟ್ಯಾಕ ಬಿಲ್ ಹಾಕ್ಯಾನ್ರೀ?"

ವ್ಯವಹಾರ ಹೀಗಿರುತ್ತೆ. ಫೌಂಡ್ರಿಯವರು ಎರಕದ ಸಾಮಾನು ಮಾಡ್ತಾರೆ. ಮುಂಬಯಿಯ ವ್ಯಾಪಾರಿ ಅದನ್ನು ಕೊಂಡು ತನ್ನ ಹೆಸರಲ್ಲಿ ನ್ಹಾವಾ ಶೇವಾದಿಂದ ರಫ್ತು ಮಾಡ್ತಾನೆ. ಅವನ ಫಾರ್ವರ್ಡರ್ ಹತ್ತಿರ ಕಸ್ಟಮ್ಸ್ ಲೈಸೆನ್ಸ್ ಇಲ್ಲದಿದ್ದರೆ ಕೆಲಸ ಇನ್ನೊಬ್ಬ ಬ್ರೋಕರ್ ಕೈಗೆ ಹೋಗುತ್ತೆ. ಒಬ್ಬೊಬ್ಬರೂ ಒಂದಿಷ್ಟು ಸೇರಿಸ್ತಾರೆ. ಕೊನೆಗೆ ಎಷ್ಟೋ ಸಲ ಅದು ಫೌಂಡ್ರಿಯವರಿಗೆ ಬರಬೇಕಾದ ಹಣದಲ್ಲೇ ಮುರಿಯುತ್ತೆ.

ನೆಂಟರೊಬ್ಬರು ತೋರಿಸಿದ ಬಿಲ್ಲಿನಲ್ಲಿ ಡಾಕ್ಯುಮೆಂಟೇಶನ್, ಏಜೆನ್ಸಿ, ಇಡಿಐ, ವಿಜಿಎಂ, ಹ್ಯಾಂಡ್ಲಿಂಗ್ ಅಂತ ಸಾಲುಸಾಲು. ಕೊನೆಯಲ್ಲಿ 'ಇತರೆ'. ರಸೀತಿ ಒಂದೂ ಇಲ್ಲ!

ಹಾಗಂತ ದಾಖಲೆ ಕೆಲಸಕ್ಕೆ ಬೆಲೆಯೇ ಇಲ್ಲ ಅನ್ನೋದು ತಪ್ಪು. 2017ರ ಅಕ್ಟೋಬರ್ 23ರ ಅಧಿಸೂಚನೆಗಳ ಪ್ರಕಾರ ರಫ್ತು ವ್ಯಾಪಾರಿಗೆ ಶೇ. 0.1 ಜಿಎಸ್‌ಟಿಯಲ್ಲಿ ಸರಕು ಮಾರಬಹುದು. ಆದರೆ ಇನ್‌ವಾಯ್ಸ್ ತಾರೀಖಿನಿಂದ 90 ದಿನದೊಳಗೆ ಅದು ರಫ್ತಾಗಬೇಕು. ಶಿಪ್ಪಿಂಗ್ ಬಿಲ್ಲಿನಲ್ಲಿ ಮಾರಿದವರ ಜಿಎಸ್‌ಟಿ ನಂಬರು, ಇನ್‌ವಾಯ್ಸ್ ನಂಬರು ಇರಬೇಕು. ಗಡುವು ಮೀರಿದರೆ ರಿಯಾಯಿತಿ ಹೋಗಿ ಪೂರ್ತಿ ತೆರಿಗೆ ಫೌಂಡ್ರಿಯವರ ತಲೆಗೆ ಬರುತ್ತೆ. ಇದನ್ನೆಲ್ಲ ಕಣ್ಣಿಟ್ಟು ನೋಡುವವನಿಗೆ ಕೂಲಿ ಕೊಡಲೇಬೇಕು, ಒಳ್ಳೆಯ ಕೂಲಿಯನ್ನೇ ಕೊಡಬೇಕು.

ನನ್ನ ತಕರಾರು ಬೇರೆ. ಬಂದರಿಗೆ, ಹಡಗು ಕಂಪನಿಗೆ, ವೇಬ್ರಿಜ್ಜಿಗೆ ಕಟ್ಟಿದ ದುಡ್ಡು ಒಂದು ಕಡೆ ಇರಲಿ, ತಮ್ಮ ಕೂಲಿ ಇನ್ನೊಂದು ಕಡೆ ಇರಲಿ. ಉದಾಹರಣೆಗೆ ವಿಜಿಎಂ ತಗೊಳ್ಳಿ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ತೂಕ ದೃಢೀಕರಿಸದೆ ಹಡಗಿಗೆ ಹಾಕುವಂತಿಲ್ಲ. ಸರಿ, ವೇಬ್ರಿಜ್ಜಿನಲ್ಲಿ ತೂಗಿಸಿದ್ದರೆ ಚೀಟಿ ಇರುತ್ತೆ, ತೋರಿಸಲಿ. ಅದರ ಮೇಲೆ ಹಾಕಿದ್ದು ತಮ್ಮ ಕೂಲಿ ಅಂತ ಬಾಯಿಬಿಟ್ಟು ಹೇಳಲಿ.

ಇದು ನಾನು ಹೊಸದಾಗಿ ಹುಟ್ಟಿಸಿದ ನ್ಯಾಯ ಅಲ್ಲ ಸ್ವಾಮಿ. ಸರಕು ಬಿಡಿಸಲು ಸರ್ಕಾರಕ್ಕೂ ಇತರರಿಗೂ ಕಟ್ಟಬೇಕಾದ್ದಕ್ಕಿಂತ ಹೆಚ್ಚಿಗೆ ಪಡೆದ ಹಣಕ್ಕೆ ಗ್ರಾಹಕನಿಗೆ ತಕ್ಷಣ ಲೆಕ್ಕ ಕೊಡಬೇಕು ಅಂತ ಕಸ್ಟಮ್ಸ್ ಬ್ರೋಕರುಗಳ ನಿಯಮಗಳಲ್ಲೇ ಇದೆ. ಆದರೆ ಆ ನಿಯಮ ಲೈಸೆನ್ಸ್ ಇರುವ ಬ್ರೋಕರಿಗೆ. ನಡುವೆ ನಿಂತ ಫಾರ್ವರ್ಡರನ ಕೈಯಲ್ಲಿ ಲೆಕ್ಕ ಮಸುಕಾಗುತ್ತೆ. ಫೌಂಡ್ರಿಯವರು ಕೇಳೋಣ ಅಂದರೆ ಅವರು ಅವನ ಗ್ರಾಹಕರೇ ಅಲ್ಲ!

ಅದಕ್ಕೇ ಊರಿನವರಿಗೆ ನನ್ನ ಮಾತು: ಬಿಲ್ಲು ಬಂದ ಮೇಲೆ ಜಗಳ ಆಡಬೇಡಿ. ವ್ಯಾಪಾರಿಯ ಆರ್ಡರ್ ಒಪ್ಪುವ ಮೊದಲೇ ಯಾವ ಖರ್ಚು ಯಾರದ್ದು, ಯಾವುದಕ್ಕೆ ರಸೀತಿ, ಕೂಲಿ ಎಷ್ಟು ಅಂತ ಬರೆಸಿಕೊಳ್ಳಿ. 'ಇತರೆ' ಅನ್ನೋ ಸಾಲಿಗೆ ಮಾತ್ರ ಒಪ್ಪಲೇಬೇಡಿ.