ಠಾಣೆಯ ಕ್ಯಾಮೆರಾ ಕಂಡದ್ದನ್ನು ಕೇಳುವ ಹಕ್ಕು

ಸಿಂಧನೂರು ತಾಲ್ಲೂಕಿನ ಸಾಲಗುಂದದ ಕೃಷಿ ಕೂಲಿಕಾರನೊಬ್ಬನನ್ನು ವಿಚಾರಣೆಯ ನೆಪದಲ್ಲಿ ಠಾಣೆಗೆ ಕರೆದೊಯ್ದು ಥಳಿಸಲಾಯಿತು ಎಂದು ಭಾವಿಸೋಣ. ಇದು ಕೇವಲ ಊಹೆ, ನಡೆದ ಘಟನೆಯಲ್ಲ. ಆದರೆ ಅಂತಹ ದೂರು ಎದ್ದಾಗ ಸಾಕ್ಷ್ಯ ಎಲ್ಲಿರುತ್ತದೆ? ಹಿಂದೆ ಅದು ಠಾಣೆಯ ದಿನಚರಿಯಲ್ಲಿ, ವೈದ್ಯರ ಪ್ರಮಾಣಪತ್ರದಲ್ಲಿ, ಇಲ್ಲವೇ ಬಾಯಿ ಬಿಡುವ ಧೈರ್ಯ ಮಾಡಿದ ಒಬ್ಬಿಬ್ಬರ ಹೇಳಿಕೆಯಲ್ಲಿ ಇರುತ್ತಿತ್ತು. ಇಂದು ಅದು ಠಾಣೆಯ ಸಿಸಿಟಿವಿ ದೃಶ್ಯಗಳನ್ನು ಹೊತ್ತ ಹಾರ್ಡ್ ಡಿಸ್ಕ್‌ನಲ್ಲಿರುತ್ತದೆ. ಆರೋಪ ಯಾರ ಮೇಲಿದೆಯೋ ಸಾಕ್ಷ್ಯವೂ ಅವರ ವಶದಲ್ಲೇ ಇರುವುದು ಇಲ್ಲಿನ ಮೂಲ ತೊಡಕು.

ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ನೀಡಿದ ಆದೇಶ ಈ ತೊಡಕನ್ನು ನೇರವಾಗಿ ಎದುರಿಸಿತು. ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ನೇತೃತ್ವದ ಪೀಠದ ಪ್ರಕಾರ, ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆ, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲವೂ ಕ್ಯಾಮೆರಾ ಕಣ್ಣಿನಲ್ಲಿರಬೇಕು. ದೃಶ್ಯದೊಂದಿಗೆ ಧ್ವನಿಯೂ ದಾಖಲಾಗಬೇಕು, ರಾತ್ರಿಯೂ ಕಾಣುವಂತಿರಬೇಕು. ದಾಖಲೆಯನ್ನು 18 ತಿಂಗಳು ಕಾಪಾಡಬೇಕು. ಅಂತಹ ಉಪಕರಣ ಮಾರುಕಟ್ಟೆಯಲ್ಲಿ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಬಾರದು. ಹೊಣೆ ಠಾಣಾಧಿಕಾರಿಯದು. ಗಾಯ ಅಥವಾ ಸಾವಿನ ದೂರು ಬಂದಲ್ಲಿ ರಾಜ್ಯ ಮಾನವ ಹಕ್ಕುಗಳ ಆಯೋಗ ಅಥವಾ ಮಾನವ ಹಕ್ಕುಗಳ ನ್ಯಾಯಾಲಯವು ದೃಶ್ಯಗಳನ್ನು ತಕ್ಷಣವೇ ತರಿಸಿಕೊಂಡು ಭದ್ರವಾಗಿಡಬಹುದು ಎಂದೂ ಆದೇಶ ಹೇಳಿತು.

ಆಯೋಗಕ್ಕೆ ಈ ಅಧಿಕಾರ ಹೊಸದೇನಲ್ಲ. ದಾಖಲೆಗಳನ್ನು ಬಹಿರಂಗಪಡಿಸುವಂತೆ, ಹಾಜರುಪಡಿಸುವಂತೆ ಆಜ್ಞಾಪಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 13ನೇ ಕಲಮು ನೀಡಿದೆ. ವಿದ್ಯುನ್ಮಾನ ದಾಖಲೆಯೂ ದಾಖಲೆಯೇ ಎಂಬುದನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಸ್ಪಷ್ಟವಾಗಿ ಬರೆದಿದೆ. ಅಂದಮೇಲೆ ಕೊರತೆ ಅಧಿಕಾರದ್ದಲ್ಲ, ಅದನ್ನು ಬಳಸುವ ವೇಳೆಯದು. ದೂರು ಬಂದಾಗ ಪೊಲೀಸ್ ಮೇಲಧಿಕಾರಿಗಳಿಂದ ವರದಿ ಕೇಳಲು ಕಾಯ್ದೆ ಅವಕಾಶ ನೀಡಿದೆ. ವರದಿ ಎಂದರೆ ಘಟನೆಯ ನಂತರ ಬರೆದ ಕಥನ. ಅದು ಬಂದು, ದೂರುದಾರರ ಪ್ರತಿಕ್ರಿಯೆ ಬಂದು, ಆಮೇಲೆ ದೃಶ್ಯ ಕೇಳಿದರೆ ಅಷ್ಟರಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಮುದ್ರಣಗೊಂಡಿರಬಹುದು. ವರದಿ ತಡವಾದರೂ ನಡೆದೀತು. ಅಳಿದ ದೃಶ್ಯ ಮರಳಿ ಬಾರದು. ಆದ್ದರಿಂದ ಆಯೋಗದ ಮೊದಲ ನೋಟಿಸು ವರದಿಗಾಗಿ ಅಲ್ಲ, ದಾಖಲೆಯ ರಕ್ಷಣೆಗಾಗಿ ಹೊರಡಬೇಕು.

ಇನ್ನೊಂದು ವಿಚಿತ್ರವೂ ಇದೆ. ಠಾಣೆಯಲ್ಲಿ ಪ್ರಾದೇಶಿಕ ಭಾಷೆಯ ದೊಡ್ಡ ಫಲಕ ಹಾಕಬೇಕೆಂದ ಅದೇ ಆದೇಶ, ಫಲಕದಲ್ಲಿ ನಮೂದಿಸಬೇಕಾದ ಸಂರಕ್ಷಣಾ ಅವಧಿ ಆರು ತಿಂಗಳಿಗೆ ಕಡಿಮೆ ಇರಬಾರದು ಎನ್ನುತ್ತದೆ. ಒಳಗೆ 18 ತಿಂಗಳು, ಗೋಡೆಯ ಮೇಲೆ ಆರು! ಆಯೋಗಕ್ಕೆ ದೂರು ನೀಡಲು ಕಾಯ್ದೆ ಕೊಟ್ಟಿರುವ ಕಾಲಾವಕಾಶವೋ ಒಂದು ವರ್ಷ. ಫಲಕ ಓದಿದವನು ಗೊಂದಲಕ್ಕೆ ಬೀಳುವುದು ಸಹಜ. ಹಕ್ಕು ಉಲ್ಲಂಘನೆಯಾದಲ್ಲಿ ದೃಶ್ಯವನ್ನು ಸುರಕ್ಷಿತವಾಗಿಡಿಸುವ ಹಕ್ಕು ಸಂತ್ರಸ್ತನಿಗಿದೆ ಎಂಬ ಸಾಲು ಮಾತ್ರ ಆ ಫಲಕದಲ್ಲಿ ಇರಲೇಬೇಕು.

ದೃಶ್ಯ ದೊರೆತ ಮೇಲೂ ಹಾದಿ ಸುಗಮವಲ್ಲ. ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಕಡ್ಡಾಯವೆಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರ ಜುಲೈನಲ್ಲಿ ತೀರ್ಮಾನವಾಯಿತು. ಹೊಸ ಅಧಿನಿಯಮದ 63ನೇ ಕಲಮು ತಜ್ಞರ ಸಹಿಯನ್ನೂ, ಕಡತದ ಬೆರಳಚ್ಚಿನಂತಿರುವ ಹ್ಯಾಷ್ ಮೌಲ್ಯವನ್ನೂ ಬಯಸುತ್ತದೆ. ಉಪಕರಣ ಪೊಲೀಸರ ಬಳಿ ಇರುವಾಗ ಕೂಲಿಕಾರ ಪ್ರಮಾಣಪತ್ರ ಎಲ್ಲಿಂದ ತಂದಾನು? ಇದಕ್ಕೂ ಅದೇ ತೀರ್ಪಿನಲ್ಲಿ ಉತ್ತರವಿದೆ: ಕೇಳಿಯೂ ಕೊಡದಿದ್ದರೆ ನ್ಯಾಯಾಲಯದ ಮೂಲಕ ತರಿಸಬಹುದು. ಕೈಯಲ್ಲಿರುವ ಸಾಕ್ಷ್ಯವನ್ನು ತಡೆಹಿಡಿದವನಿಗೆ ಅದು ಪ್ರತಿಕೂಲವಾಗಿತ್ತೆಂದು ಊಹಿಸುವ ಅವಕಾಶವೂ ಕಾನೂನಿನಲ್ಲಿದೆ. "ಕ್ಯಾಮೆರಾ ಕೆಟ್ಟಿತ್ತು" ಎಂಬ ಸಿದ್ಧ ಉತ್ತರಕ್ಕೆ ಈ ಊಹೆಯನ್ನು ಅನ್ವಯಿಸುವ ದಿಟ್ಟತನ ಬೇಕಾಗಿದೆ.

ರಾಜಸ್ಥಾನದಲ್ಲಿ ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಮೃತಪಟ್ಟರೆಂಬ ಪತ್ರಿಕಾ ವರದಿಯನ್ನು ಆಧರಿಸಿ, ಕೆಲಸ ಮಾಡದ ಕ್ಯಾಮೆರಾಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆದೇಶ ಹೊರಟು ಐದು ವರ್ಷ ಸಮೀಪಿಸಿದ್ದಾಗಿನ ಸ್ಥಿತಿ ಇದು.

ಆಯೋಗವಿರುವ ಬೆಂಗಳೂರು ಸಾಲಗುಂದಕ್ಕೆ ದೂರ. ಹೈಕೋರ್ಟ್ ಪೀಠ ಕಲಬುರಗಿಯಲ್ಲಿದೆ. ಜಿಲ್ಲಾ ಕೇಂದ್ರ ರಾಯಚೂರು ಇದ್ದುದರಲ್ಲಿ ಹತ್ತಿರ. ವರದಿಯಾಗದ ಉಲ್ಲಂಘನೆಗಳನ್ನು ಪತ್ತೆ ಹಚ್ಚಲು ದೃಶ್ಯಗಳನ್ನು ಪರಿಶೀಲಿಸಬೇಕಾದ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಯನ್ನು 2020ರ ಆದೇಶವೇ ವಿಧಿಸಿದ್ದು, ಜಿಲ್ಲಾಡಳಿತ ಮತ್ತು ಎಸ್‌ಪಿ ಅದರಲ್ಲಿ ಇರಬೇಕು. ಕುಟುಂಬದವರು ಘಟನೆಯ ದಿನಾಂಕ, ವೇಳೆ, ಠಾಣೆಯ ಯಾವ ಭಾಗ ಎಂಬುದನ್ನು ನಮೂದಿಸಿ, ದೃಶ್ಯ ಕಾಪಾಡುವಂತೆ ಅಂದೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಪ್ರತಿಯನ್ನು ಎಸ್‌ಪಿಗೂ ಆಯೋಗಕ್ಕೂ ಅಂಚೆಯಲ್ಲಿ ಕಳುಹಿಸಬೇಕು. ಆ ಸ್ವೀಕೃತಿ ಕೈಯಲ್ಲಿದ್ದರೆ, ದೃಶ್ಯ ಅಳಿದದ್ದೇಕೆಂದು ವಿವರಿಸುವ ಭಾರ ಠಾಣೆಯ ಹೆಗಲಿಗೇರುತ್ತದೆ.