ಕಾರಿನ ಸಂಗೀತ ಮತ್ತು ಮಿತವ್ಯಯದ ವಿವೇಕ

ಸಾಧಾರಣ ವರಮಾನದ ಗೃಹಸ್ಥನೊಬ್ಬನು ತನ್ನ ಸಣ್ಣ ಕಾರಿಗೆ ಒಳ್ಳೆಯ ಸ್ಟೀರಿಯೋ ಒಂದನ್ನು ಕೂಡಿಸಬೇಕೆಂದು ಬಯಸಿದರೆ ಅದನ್ನು ಕೇವಲ ವಿಲಾಸವೆಂದು ಹಳಿಯುವುದು ನ್ಯಾಯವಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲೋ ಹೆಬ್ಬಾಳದ ಮೇಲ್ಸೇತುವೆಯ ಬಳಿಯಲ್ಲೋ ದಿನದ ಒಂದು ಭಾಗವನ್ನು ನಿತ್ಯವೂ ಕಳೆಯಬೇಕಾಗಿ ಬಂದವನಿಗೆ, ಆ ಕಾಲವನ್ನು ಒಂದು ರಾಗಾಲಾಪನೆಯಾಗಲಿ ಒಂದು ಭಾವಗೀತೆಯಾಗಲಿ ಸಹನೀಯವಾಗಿ ಮಾಡಬಲ್ಲುದಾದರೆ, ಅದಕ್ಕಾಗಿ ಹತ್ತು ಹದಿನೈದು ಸಾವಿರ ರೂಪಾಯಿಗಳನ್ನು ವಿನಿಯೋಗಿಸುವುದು ಅಪವ್ಯಯವೆನಿಸಲಾರದು. ಆದರೆ ಆ ಹಣ ಯಾವ ಕ್ರಮದಲ್ಲಿ ವೆಚ್ಚವಾಗುತ್ತದೆಂಬುದು ವಿಚಾರಾರ್ಹವಾದ ಸಂಗತಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ, ಜಿಲ್ಲಾ ಕೇಂದ್ರಗಳ ಕಾರ್ ಆಕ್ಸೆಸರಿ ಮಳಿಗೆಗಳಲ್ಲಾಗಲಿ, ಗಿರಾಕಿಯ ಮುಂದೆ ಮೊದಲು ಬೆಳಗುವುದು ಒಂಬತ್ತು ಅಂಗುಲದ ಆಂಡ್ರಾಯ್ಡ್ ಪರದೆ. ಅವನ ಹಣದ ಬಹುಭಾಗ ಕರಗುವುದೂ ಅಲ್ಲಿಯೇ. ಕಿವಿಯ ಸುಖಕ್ಕಾಗಿ ಹೊರಟವನು ಕಣ್ಣಿಗೆ ಕಪ್ಪ ಒಪ್ಪಿಸಿ ಹಿಂದಿರುಗುತ್ತಾನೆ. ಅಲ್ಪಧನವುಳ್ಳವನು ಮೊದಲು ಮುಂಬಾಗಿಲಿನ ಎರಡು ಸ್ಪೀಕರುಗಳಿಗೂ, ಅವು ಕುಳಿತಿರುವ ಬಾಗಿಲಿಗೂ ವೆಚ್ಚಮಾಡತಕ್ಕದ್ದು; ಪರದೆಯ ಮಾತು ಕಟ್ಟಕಡೆಗೆ ಬರತಕ್ಕದ್ದು. ಇದು ನನ್ನ ಪಕ್ಷ.

ಸ್ಟೀರಿಯೋ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿತವಾಗಿರುವ ‘50 ವಾಟ್ × 4’ ಎಂಬ ಘೋಷಣೆಯನ್ನು ಮೊದಲು ಪರೀಕ್ಷಿಸೋಣ. ಇಂಜಿನ್ ನಡೆಯುತ್ತಿರುವಾಗ ಕಾರಿನ ವಿದ್ಯುದ್ವ್ಯವಸ್ಥೆ ಒದಗಿಸುವುದು ಸುಮಾರು 14 ವೋಲ್ಟ್. ಅದನ್ನು ಏರಿಸುವ ಉಪಕರಣ ಡ್ಯಾಶ್‌ಬೋರ್ಡಿನೊಳಗಿನ ಸಾಮಾನ್ಯ ಸ್ಟೀರಿಯೋದಲ್ಲಿ ಇರುವುದಿಲ್ಲ. ಶಿಖರದಲ್ಲಿ 14 ವೋಲ್ಟ್ ಮುಟ್ಟುವ ಧ್ವನಿತರಂಗದ ಪರಿಣಾಮಕ ಮೌಲ್ಯ ಸುಮಾರು 10 ವೋಲ್ಟ್; ಹತ್ತರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ ಬರುವುದು 25; ಉಪಕರಣದೊಳಗಣ ನಷ್ಟವನ್ನು ಕಳೆದರೆ ಒಂದೊಂದು ಸ್ಪೀಕರಿಗೂ ನಿರಂತರವಾಗಿ, ವಿಕೃತಿಯಿಲ್ಲದೆ, ದೊರೆಯುವ ಶಕ್ತಿ 20 ವಾಟ್‌ನ ಆಸುಪಾಸಿನದು. ಪೆಟ್ಟಿಗೆಯ ಮೇಲಿನ ಐವತ್ತು ಕ್ಷಣಮಾತ್ರದ ಪರಮಾವಧಿಯೇ ಹೊರತು ನಿತ್ಯದ ಸತ್ಯವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮನೆಬಳಕೆಯ ಆಂಪ್ಲಿಫೈಯರುಗಳ ಇಂಥ ಉತ್ಪ್ರೇಕ್ಷೆಗೆ 1974ರಲ್ಲಿಯೇ ನಿಯಮದ ಕಡಿವಾಣ ಹಾಕಿತು. ಕಾರಿನ ಉಪಕರಣಗಳಿಗಾಗಿ ಅಲ್ಲಿಯ ಉದ್ಯಮವೇ ಮುಂದೆ ಸಿಇಎ-2006 ಎಂಬ ಐಚ್ಛಿಕ ಮಾನದಂಡವನ್ನು ರೂಪಿಸಿ, 14.4 ವೋಲ್ಟಿನಲ್ಲಿ, ವಿಕೃತಿ ಶೇಕಡಾ 1ನ್ನು ಮೀರದಂತೆ ಅಳೆದ ಶಕ್ತಿಯನ್ನು ತಿಳಿಸುವ ಪದ್ಧತಿಯನ್ನು ಹಾಕಿಕೊಟ್ಟಿತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತನ್ನು ದಂಡನಾರ್ಹವನ್ನಾಗಿ ಮಾಡಿರುವಾಗ, ಆರ್‌ಎಂಎಸ್ ಎಂದು ಕರೆಯಲ್ಪಡುವ ಆ ನಿರಂತರ ಶಕ್ತಿಯ ಅಂಕೆಯನ್ನೇ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚುಮಾಡಬೇಕೆಂದು ವಿಧಿಸುವುದರಲ್ಲಿ ಅತಿರೇಕವೇನೂ ಕಾಣದು.

ಇಪ್ಪತ್ತೇ ವಾಟ್ ಎಂದು ನಿರಾಶರಾಗಬೇಕಾದ ಕಾರಣವಿಲ್ಲ. ಒಂದು ವಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬಲ್ ಧ್ವನಿ ಕೊಡುತ್ತದೆಂಬುದನ್ನು ಅದರ ಸೆನ್ಸಿಟಿವಿಟಿ ಎಂದು ಹೇಳುತ್ತಾರೆ. 92 ಡೆಸಿಬಲಿನ ಸ್ಪೀಕರು ಕೊಡುವಷ್ಟೇ ಧ್ವನಿಯನ್ನು 89 ಡೆಸಿಬಲಿನದು ಕೊಡಬೇಕಾದರೆ ಅದಕ್ಕೆ ಇಮ್ಮಡಿ ಶಕ್ತಿ ಬೇಕು. ಆದಕಾರಣ ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರನ್ನು ಆಯ್ದುಕೊಂಡವನು ಪ್ರತ್ಯೇಕ ಆಂಪ್ಲಿಫೈಯರಿನ ವೆಚ್ಚವನ್ನೇ ತಪ್ಪಿಸಿಕೊಂಡಂತಾಯಿತು. ಉಚ್ಚಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರಾದ ಟ್ವೀಟರು ನಡುವಿನಲ್ಲಿಯೇ ಕುಳಿತಿರುವ ಕೋ-ಆಕ್ಸಿಯಲ್ ಜೋಡಿ ಅಗ್ಗವಾದದ್ದು. ಟ್ವೀಟರು ಬೇರ್ಪಟ್ಟಿರುವ ಕಾಂಪೊನೆಂಟ್ ಜೋಡಿ ತುಸು ದುಬಾರಿ. ಬಾಗಿಲಿನ ಕೆಳಭಾಗದ ಸ್ಪೀಕರು ಮೊಣಕಾಲಿಗೆ ಹಾಡುತ್ತದೆ. ಉಚ್ಚಸ್ವರಗಳಾದರೋ ನೇರವಾಗಿ ಮುಂದಕ್ಕೆ ಸಾಗುವ ಸ್ವಭಾವದವು. ಆದುದರಿಂದ ಟ್ವೀಟರನ್ನು ಕಿವಿಯ ಎತ್ತರಕ್ಕೆ ತರಬಲ್ಲ ಕಾಂಪೊನೆಂಟ್ ಜೋಡಿಗೆ ಅಷ್ಟು ಹೆಚ್ಚು ತೆರುವುದು ಸಾರ್ಥಕ. ಹಿಂಬದಿಯ ಸ್ಪೀಕರುಗಳು ಇದ್ದಂತೆಯೇ ಇರಲಿ. ನಾಲ್ಕು ಅಗ್ಗದವನ್ನು ಕೊಳ್ಳುವುದಕ್ಕಿಂತ ಎರಡು ಒಳ್ಳೆಯವನ್ನು ಕೊಳ್ಳುವುದು ಮೇಲು.

ಇನ್ನು ಬಾಗಿಲು. ಸ್ಪೀಕರಿನ ಕೋನು ಮುಂದಕ್ಕೆ ತಳ್ಳಿದ ಗಾಳಿಯೂ ಹಿಂದಕ್ಕೆ ಎಳೆದ ಗಾಳಿಯೂ ಬಾಗಿಲಿನ ರಂಧ್ರಗಳ ಮೂಲಕ ಒಂದನ್ನೊಂದು ಸೇರಿದರೆ ಮಂದ್ರಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಬೇಸ್ ಇಲ್ಲವೆಂದು ಜನರು ದೂರುವಾಗ ಬಹುಮಟ್ಟಿಗೆ ನಡೆಯುತ್ತಿರುವುದು ಇದೇ. ತಂಬೂರಿಯ ಬುರುಡೆ ತಂತಿಯೊಡನೆ ತಾನೂ ಮಿಡಿದರೆ ಗುಣ; ಬಾಗಿಲಿನ ತಗಡು ಸ್ಪೀಕರಿನೊಡನೆ ಮಿಡಿದರೆ ದೋಷ. ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಹಾಳೆಯನ್ನು ಒತ್ತಿ ಅಂಟಿಸಿ, ಒಳಪದರದ ದೊಡ್ಡ ರಂಧ್ರಗಳನ್ನು ಮುಚ್ಚಿ, ಗಟ್ಟಿಯಾದ ರಿಂಗಿನ ಮೇಲೆ ಸ್ಪೀಕರನ್ನು ಬಿಗಿಗೊಳಿಸಿದರೆ ಅದೇ ಸ್ಪೀಕರು ಬೇರೊಂದೆಂಬಂತೆ ನುಡಿಯುತ್ತದೆ. ಮಳೆಗಾಲದಲ್ಲಿ ಬಾಗಿಲಿನೊಳಕ್ಕೆ ನೀರು ಇಳಿಯುವುದು ಸಹಜವಾದುದರಿಂದ, ತಳದಲ್ಲಿ ನೀರು ಹರಿದುಹೋಗುವ ಕಿಂಡಿಗಳನ್ನು ಮಾತ್ರ ಎಂದಿಗೂ ಮುಚ್ಚತಕ್ಕದ್ದಲ್ಲ. ತೇವಕ್ಕೆ ಉಬ್ಬುವ ಎಂಡಿಎಫ್ ಹಲಗೆಯ ರಿಂಗಿಗಿಂತ ಪ್ಲಾಸ್ಟಿಕ್ಕಿನದು ಕ್ಷೇಮ.

ವೈರಿಂಗಿನ ವಿಷಯದಲ್ಲಿ ಒಂದೇ ಆಗ್ರಹ: ಕಂಪನಿಯ ವೈರುಗಳನ್ನು ಕತ್ತರಿಸಿ ಟೇಪು ಸುತ್ತುವ ಕೆಲಸಕ್ಕೆ ಒಪ್ಪಿಗೆ ಕೊಡದೆ, ಆಯಾ ಕಾರಿಗೆ ಹೊಂದುವ ಕಪ್ಲರನ್ನೇ ಹಾಕಿಸಬೇಕು; ವಾರಂಟಿಯ ವಿವಾದವೂ ಶಾರ್ಟ್ ಸರ್ಕಿಟ್ಟಿನ ಭಯವೂ ಅದರಿಂದ ತಗ್ಗುತ್ತವೆ. ಮುಂದೆಂದಾದರೂ ಆಂಪ್ಲಿಫೈಯರು ಬಂದರೆ, ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಲೇಬೇಕು.

ಕಾಸು ಖರ್ಚಿಲ್ಲದ ಸುಧಾರಣೆಯೂ ಉಂಟು. ನಮ್ಮ ಕಾರುಗಳಲ್ಲಿ ಚಾಲಕನು ಬಲಗಡೆಯ ಸ್ಪೀಕರಿಗೆ ಹತ್ತಿರವಾಗಿಯೂ ಎಡಗಡೆಯದಕ್ಕೆ ದೂರವಾಗಿಯೂ ಕುಳಿತಿರುತ್ತಾನೆ. ಶಬ್ದವು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಎರಡೂ ಬದಿಯ ಧ್ವನಿ ಒಟ್ಟಿಗೆ ಬಂದು ಮುಟ್ಟುವುದಿಲ್ಲ. ಗಾಯಕನು ಬಲಬಾಗಿಲಿನಲ್ಲಿ ನಿಂತು ಹಾಡುತ್ತಿರುವಂತೆ ಕೇಳುತ್ತದೆ. ಅನೇಕ ಸ್ಟೀರಿಯೋಗಳಲ್ಲಿರುವ ಟೈಮ್ ಅಲೈನ್‌ಮೆಂಟ್ ಸೌಲಭ್ಯ ಹತ್ತಿರದ ಸ್ಪೀಕರನ್ನು ಅಷ್ಟು ತಡಮಾಡಿ ಆತನನ್ನು ಎದುರಿಗೆ ತಂದು ನಿಲ್ಲಿಸುತ್ತದೆ.

ಬೇಸಿನ ಅಭಿಮಾನಿಗಳು ಇಷ್ಟಕ್ಕೆ ತೃಪ್ತರಾಗಲಾರರು. ಅವರ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ: ಹೆದ್ದಾರಿಯಲ್ಲಿ ಟೈರಿನ ಮೊರೆತವು ಮಂದ್ರಸ್ವರಗಳನ್ನೇ ಮೊದಲು ನುಂಗಿಬಿಡುವುದರಿಂದ, ಸೀಟಿನಡಿಯ ಸಣ್ಣ ಸಬ್‌ವೂಫರೊಂದು ಆ ಕೊರತೆಯನ್ನು ತುಂಬಿದರೆ ಆಕ್ಷೇಪಿಸುವಂತಿಲ್ಲ. ಆದರೆ ಗಾಜು ಏರಿಸಿದರೂ ಆ ಕಂಪನ ಕಾರಿನೊಳಗೆ ನಿಲ್ಲುವುದಿಲ್ಲವಷ್ಟೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿಯನ್ನು ಹೇಳಿರುವುದು ಪರರ ನಿದ್ರೆಗೂ ಹಕ್ಕುಂಟೆಂಬ ಕಾರಣದಿಂದಲೇ. ಉತ್ತಮವಾದ ಸ್ಪೀಕರಿನ ಲಕ್ಷಣ ಮೆಲುದನಿಯಲ್ಲಿಯೂ ಸಾಹಿತ್ಯದ ಅಕ್ಷರಾಕ್ಷರವನ್ನು ತಿಳಿಯಾಗಿ ಕೇಳಿಸುವುದು. ಗದ್ದಲವೆಬ್ಬಿಸುವುದಕ್ಕಾದರೆ ಹಾರ್ನೇ ಸಾಕು.

ಆದುದರಿಂದ ಅಂಗಡಿಗೆ ಹೋದವನು ಪರದೆಯ ಹೊಳಪಿಗೆ ಮನಸೋಲದೆ ಮೂರು ಪ್ರಶ್ನೆಗಳನ್ನು ಕೇಳಲಿ: ಆರ್‌ಎಂಎಸ್ ಎಷ್ಟು, ಸೆನ್ಸಿಟಿವಿಟಿ ಎಷ್ಟು, ಬಾಗಿಲಿಗೆ ಏನು ಮಾಡುವಿರಿ? ಇವಕ್ಕೆ ನೇರವಾಗಿ ಉತ್ತರಿಸುವ ಅಂಗಡಿಯವನಿಗೆ, ಬೆಲೆ ಸ್ವಲ್ಪ ಹೆಚ್ಚಾದರೂ, ನಮ್ಮ ಹಣ ಸಲ್ಲಲಿ. ಸರ್ಕಾರದ ನಿಯಮ ಬರುವವರೆಗೆ ಪೆಟ್ಟಿಗೆಯ ಮೇಲಿನ ಅಸತ್ಯವನ್ನು ತಗ್ಗಿಸಬಲ್ಲವರು ಪ್ರಶ್ನೆ ಕೇಳುವ ಗಿರಾಕಿಗಳು ಮಾತ್ರ.