ಮರೆವಿನ ರೋಗಕ್ಕೆ ಬೇಕು ಒಂದೇ ತಕ್ಕಡಿ

ಒಂದೇ ದಿನ ಎರಡು ಕಡೆ ರಕ್ತ ಕೊಟ್ಟು ಸಕ್ಕರೆ ಪರೀಕ್ಷೆ ಮಾಡಿಸಿದವರಿಗೆ ಗೊತ್ತು, ಎರಡು ವರದಿಗಳು ಒಂದಕ್ಕೊಂದು ಪೂರ್ತಿ ಹೊಂದುವುದು ಅಪರೂಪ. ಐದು ಹತ್ತು ಅಂಕಿಗಳ ವ್ಯತ್ಯಾಸವಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಿಮ್ಮ ತಾಯಿಗೆ ಆಲ್‌ಝೈಮರ್ ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನವೇ ಅಂಥದೊಂದು ಅಂಕಿಯ ಮೇಲೆ ನಿಂತಿದ್ದರೆ?

ಅಜ್ಜ ಮನೆಯ ದಾರಿ ಮರೆತರೆ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುತ್ತಿದ್ದ ಕಾಲವೊಂದಿತ್ತು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅದಕ್ಕೆ ಅತಿ ಸಾಮಾನ್ಯ ಕಾರಣ ಆಲ್‌ಝೈಮರ್. ಈ ರೋಗದಲ್ಲಿ ಮಿದುಳಿನ ನರಕೋಶಗಳ ಹೊರಗೆ ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನು ಗಸಿಯಂತೆ ಶೇಖರವಾಗುತ್ತದೆ. ಕೋಶಗಳ ಒಳಗೆ ಟಾವ್ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಸಿಕ್ಕಾದ ನೂಲಿನಂತೆ ಸುತ್ತಿಕೊಳ್ಳುತ್ತದೆ. ಬೆನ್ನಿನಿಂದ ಸೂಜಿ ಹಾಕಿ ತೆಗೆದ ದ್ರವದಲ್ಲಿ ಇವುಗಳನ್ನು ಅಳೆಯುವ ಪದ್ಧತಿ ಹಲವು ವರ್ಷಗಳಿಂದ ಇದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕಾಗಿ ರಕ್ತಪರೀಕ್ಷೆಯೊಂದಕ್ಕೂ ಒಪ್ಪಿಗೆ ಕೊಟ್ಟಿತು.

ಇಲ್ಲಿಯೇ ಒಂದು ವಿಚಿತ್ರ ತೊಡಕಿದೆ. ಬೆನ್ನಿನ ದ್ರವದಲ್ಲಿ ಅಮೈಲಾಯ್ಡ್ ಹೆಚ್ಚಿದ್ದರೆ ರೋಗ ಎಂದು ಯಾರಾದರೂ ಊಹಿಸುವುದು ಸಹಜ. ನಿಜ ಅದಕ್ಕೆ ತದ್ವಿರುದ್ಧ. ಪ್ರೋಟೀನು ಮಿದುಳಿನಲ್ಲೇ ಗಸಿಯಾಗಿ ಕೂತುಬಿಡುವುದರಿಂದ ದ್ರವಕ್ಕೆ ಇಳಿದು ಬರುವ ಪಾಲು ಕಡಿಮೆಯಾಗುತ್ತದೆ. ಅಂದರೆ ಅಂಕಿ ಇಳಿದರೆ ರೋಗದ ಶಂಕೆ. ಈ ಪ್ರೋಟೀನಿಗೆ ಮತ್ತೊಂದು ಕೆಟ್ಟ ಚಾಳಿಯುಂಟು, ಅದು ಅಂಟುಗುಳಿ. ದ್ರವ ತುಂಬಿದ ಪ್ಲಾಸ್ಟಿಕ್ ಕೊಳವೆಯ ಗೋಡೆಗೂ ಅಂಟಿಕೊಳ್ಳುತ್ತದೆ. ಪಾಲಿಸ್ಟೈರೀನ್ ಕೊಳವೆಗೆ ಹೆಚ್ಚು, ಪಾಲಿಪ್ರೊಪಿಲೀನ್ ಕೊಳವೆಗೆ ಕಡಿಮೆ. ಒಂದು ಕೊಳವೆಯಿಂದ ಇನ್ನೊಂದಕ್ಕೆ ಸುರಿದಾಗಲೆಲ್ಲ ಇನ್ನಷ್ಟು ನಷ್ಟ. ನಾವು ಅಳೆಯುತ್ತಿರುವುದಾದರೂ ಎಷ್ಟನ್ನು? ಒಂದು ಮಿಲಿಲೀಟರಿನಲ್ಲಿ ನೂರಾರು ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯ ಒಂದು ಭಾಗ. ಹೀಗಾಗಿ ತಪ್ಪು ಕೊಳವೆ ಆರಿಸಿದರೆ ಆರೋಗ್ಯವಂತರೂ ಕಾಗದದ ಮೇಲೆ ರೋಗಿಯಾಗಿಬಿಡಬಹುದು! ಈಗ ಬಂದಿರುವ ಲೆಕನೆಮ್ಯಾಬ್, ಡೊನನೆಮ್ಯಾಬ್‌ನಂಥ ಔಷಧಗಳಿಂದ ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುವುದುಂಟು. ಅಮೈಲಾಯ್ಡ್ ಇರುವುದು ಖಚಿತವಾದ ಮೇಲೆಯೇ ಇವನ್ನು ಕೊಡಬೇಕು. ಆದ್ದರಿಂದ ಅಳತೆಯ ತಪ್ಪು ಕಾಗದದಲ್ಲೇ ಉಳಿಯುವುದಿಲ್ಲ.

ಈ ಗೊಂದಲಕ್ಕೆ ಪರಿಹಾರ ಹುಡುಕಿದವರು ಯಾವುದೋ ಹೊಸ ಔಷಧ ಕಂಡುಹಿಡಿದವರಲ್ಲ, ಎಲ್ಲರಿಗೂ ಸೇರಿದ ಪ್ರಯೋಗಾಲಯಗಳನ್ನು ನಡೆಸಿದವರು. 2004ರಲ್ಲಿ ಅಮೆರಿಕದಲ್ಲಿ ದೊಡ್ಡದೊಂದು ಆಲ್‌ಝೈಮರ್ ಅಧ್ಯಯನ ಆರಂಭವಾದಾಗ, ಐವತ್ತಕ್ಕೂ ಹೆಚ್ಚು ಕೇಂದ್ರಗಳು ತಮ್ಮ ತಮ್ಮಲ್ಲೇ ಅಳೆಯುವ ಬದಲು ಮಾದರಿಗಳನ್ನೆಲ್ಲ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದೇ ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆಯಾಯಿತು. ಒಂದೇ ಕೈ, ಒಂದೇ ಯಂತ್ರ, ಒಂದೇ ವಿಧಾನ.

ಆ ಒಂದು ಪ್ರಯೋಗಾಲಯವೇ ತಪ್ಪಿದರೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2009ರಲ್ಲಿ ಇದಕ್ಕೊಂದು ದಾರಿ ಮಾಡಿದರು. ಒಂದೇ ಪಾತ್ರೆಯ ದ್ರವವನ್ನು ಸಣ್ಣ ಸಣ್ಣ ಪಾಲು ಮಾಡಿ ನಾನಾ ದೇಶಗಳ ಪ್ರಯೋಗಾಲಯಗಳಿಗೆ ಕಳಿಸಿ, ‘ಅಳೆದು ಹೇಳಿ’ ಎಂದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂಥದು. ಒಂದೇ ದ್ರವಕ್ಕೆ ಬಂದ ಉತ್ತರಗಳಲ್ಲಿ ಶೇಕಡಾ 13ರಿಂದ 36ರಷ್ಟು ಏರುಪೇರು! ಆಮೇಲೆ ಐರೋಪ್ಯ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ 2017ರಲ್ಲಿ ಅಮೈಲಾಯ್ಡ್‌ಗೆ ಪ್ರಮಾಣೀಕೃತ ಮಾದರಿ ದ್ರವವನ್ನು ಹೊರತಂದಿತು. ನಮ್ಮ ಕಿರಾಣಿ ಅಂಗಡಿಯ ತೂಕದ ಬಟ್ಟಿಗೆ ಸರಕಾರ ಮುದ್ರೆ ಒತ್ತುತ್ತದಲ್ಲ, ಅದೇ ಲೆಕ್ಕ. ಯಾವ ಕೊಳವೆಯಲ್ಲಿ, ಹೇಗೆ ದ್ರವ ಹಿಡಿಯಬೇಕು ಎಂಬುದಕ್ಕೂ 2021ರಲ್ಲಿ ಅಂತರರಾಷ್ಟ್ರೀಯ ಸೂಚನೆಗಳು ಬಂದವು.

ಇಷ್ಟೆಲ್ಲ ಆದರೂ ಇಂಥ ಕೆಲಸಕ್ಕೆ ಹಣ ಕೊಡುವವರು ಹಿಂದೆ ಮುಂದೆ ನೋಡುತ್ತಾರೆ. ಹೊಸ ಔಷಧದ ಸಂಶೋಧನೆಗೆ ಪತ್ರಿಕೆಯಲ್ಲಿ ಜಾಗವುಂಟು. ಕೊಳವೆ ಬದಲಿಸಿದವರ ಫೋಟೋ ಯಾರೂ ಹಾಕುವುದಿಲ್ಲ. ಮೂರು ವರ್ಷ, ಐದು ವರ್ಷದ ಯೋಜನೆಗೆಂದು ತಂತ್ರಜ್ಞರನ್ನು ತೆಗೆದುಕೊಂಡು, ಅವರ ಕೈ ಪಳಗುವ ಹೊತ್ತಿಗೆ ಮನೆಗೆ ಕಳಿಸುವುದು ಶುದ್ಧ ದಂಡ. ಸಾಮಾನ್ಯ ಪ್ರಯೋಗಾಲಯವೆಂದರೆ ಸರದಿಯಲ್ಲಿ ಕಾಯಬೇಕು ಎಂಬ ದೂರನ್ನು ನಾನು ಅಲ್ಲಗಳೆಯಲಾರೆ. ಆದರೂ ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಹತ್ತು ಸಂಸ್ಥೆಗಳು ಪ್ರತ್ಯೇಕವಾಗಿ ಕೊಂಡು ಹತ್ತು ಬಗೆಯ ಉತ್ತರ ಪಡೆಯುವುದಕ್ಕಿಂತ ಕಾಯುವುದೇ ವಾಸಿ. ಇವುಗಳಿಗೆ ಯೋಜನೆಯ ಹಣ ಸಾಲದು. ಆಸ್ಪತ್ರೆಯ ವಿದ್ಯುತ್ ಬಿಲ್ಲಿನಂತೆ ವರ್ಷ ವರ್ಷವೂ ತಪ್ಪದೆ ಬರುವ ಅನುದಾನ ಬೇಕು.

ನಮ್ಮಲ್ಲೂ ಇಂಥ ಹಂಚಿಕೆಯ ಒಳ್ಳೆಯ ಮಾದರಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಬ್ಯಾಂಕ್ ನಡೆಯುತ್ತಿದೆ. ಕುಟುಂಬದವರು ಒಪ್ಪಿ ದಾನ ಕೊಟ್ಟ ಮಿದುಳುಗಳ ಅಂಗಾಂಶವನ್ನು ಅಲ್ಲಿ ಕಾಪಿಟ್ಟು ಸಂಶೋಧಕರಿಗೆ ಒದಗಿಸುತ್ತಾರೆ. ಜೀವಂತ ರೋಗಿಯ ರಕ್ತದಲ್ಲಿ ಅಳೆದ ಅಂಕಿ ಸರಿಯೋ ತಪ್ಪೋ ಎಂದು ಕೊನೆಗೆ ತಾಳೆ ನೋಡುವುದು ಮಿದುಳಿನಲ್ಲೇ. ಕಣ್ಣುದಾನದ ಬಗ್ಗೆ ಮನೆಯಲ್ಲಿ ಮಾತಾಡುವವರು ಇದನ್ನೂ ಮಾತಾಡಬಹುದು. ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸವಾದ್ದರಿಂದ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ರಕ್ತಪರೀಕ್ಷೆಯ ಮಾತು. ಮನೆಯ ಹಿರಿಯರು ಆಗೊಮ್ಮೆ ಈಗೊಮ್ಮೆ ಕನ್ನಡಕ ಎಲ್ಲಿಟ್ಟೆನೆಂದು ಮರೆತರೆ ಇದಕ್ಕೆ ಓಡಬೇಕಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಮರೆವಿನ ಲಕ್ಷಣಗಳಿರುವ, 55 ವರ್ಷ ತುಂಬಿದವರಿಗಷ್ಟೇ, ಅದೂ ತಜ್ಞರ ಪರಿಶೀಲನೆಯ ಜೊತೆಗೆ. ಮರೆವಿಗೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳೂ ಕಾರಣವಾಗಬಹುದು. ಅವನ್ನು ಮೊದಲು ನೋಡಿಸಿ. ನರರೋಗ ತಜ್ಞರೇ ಪ್ರೋಟೀನು ಪರೀಕ್ಷೆ ಬರೆದುಕೊಟ್ಟರೆ, ಮಾದರಿ ಯಾವ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದು ಹೊರಗಿನ ಗುಣಮಟ್ಟ ತಪಾಸಣೆಗೆ ಒಳಪಟ್ಟಿದೆಯೇ ಎಂದು ಸಂಕೋಚಪಡದೆ ಕೇಳಿ. ಎರಡನೆಯ ಸಲ ಮಾಡಿಸುವುದಾದರೆ ಅದೇ ಪ್ರಯೋಗಾಲಯದಲ್ಲಿ ಮಾಡಿಸಿ, ಹಳೆಯ ವರದಿಯನ್ನು ಜೊತೆಗೆ ಒಯ್ಯಿರಿ.